ಹಿತಾಳ ಪಾಠದ ನಡುವೆ ನಿಂತುಹೋಗುತ್ತಿದ್ದ ನೆಟ್

ಹಿತಾ ಕೆನ್ನೆಗೆ ಒಂದು ಬಳೆ ಒತ್ತಿಕೊಂಡು ಕಾಯುತ್ತಿದ್ದಳು. ಲ್ಯಾಪ್‌ಟಾಪಿನಲ್ಲಿ ಮೈಸೂರಿನ ಥೆರಪಿ ಮೇಡಂ ತುಟಿ ನೋಡಿ ಊಹಿಸದಿರಲಿ ಅಂತ ಬಾಯಿಗೆ ಪೇಪರ್ ಅಡ್ಡ ಹಿಡಿದಿದ್ದರು.

ಅವರು "ಶ್" ಅನ್ನಲಿ, "ಮ್" ಅನ್ನಲಿ, ಕೇಳಿಸಿದ ಕೂಡಲೇ ಬಳೆಯನ್ನು ಡಬ್ಬಿಗೆ ಹಾಕಬೇಕು. ಅದೇ ಪಾಠ.

ಕಾದಳು... ಕಾದಳು... ಏನೂ ಕೇಳಿಸಲಿಲ್ಲ.

ನೆಟ್ ಹೋಗಿತ್ತು. ಬಾಯಿ ಪೇಪರಿನ ಹಿಂದೆ ಇದ್ದದ್ದರಿಂದ ಚಿತ್ರ ನಿಂತಿದೆ ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ತನ್ನ ಕಿವಿಯೇ ಹೋಯಿತು ಅಂದುಕೊಂಡಳು. ತಲೆಗೆ ಅಂಟಿದ್ದ, ಶಬ್ದ ಕೇಳಿಸುವ ಮೆಷಿನಿನ ಬಿಲ್ಲೆಯನ್ನು ಕಿತ್ತು ಬಿಸಾಡಿದಳು.

ಹಿತಾ ನನ್ನ ಮಗಳು. ಇನ್ನೇನು ನಾಲ್ಕು ವರ್ಷ ತುಂಬುತ್ತದೆ. ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಹೋದ ವರ್ಷ ಕಿವಿಯೊಳಗೆ ಮೆಷಿನ್ ಕೂರಿಸುವ ಇಂಪ್ಲಾಂಟ್ ಆಪರೇಷನ್ ಆಯಿತು. ಆದರೆ ಆಪರೇಷನ್ ಆದ ಮಾತ್ರಕ್ಕೆ ಆಗುವುದಿಲ್ಲ, ಕೇಳಿಸಿಕೊಳ್ಳುವುದನ್ನು ಒಂದೊಂದೇ ಶಬ್ದವಾಗಿ ಕಲಿಸಬೇಕು.

ನಮ್ಮದು ಶಾಂತಿಗ್ರಾಮ. ಮನೆಗೆ ಅಂಟಿಕೊಂಡೇ ನನ್ನ ಹಿಟ್ಟಿನ ಮಿಲ್ಲು ಇದೆ. ಹೆಂಡತಿ ಹಾಸನದಲ್ಲಿ ನರ್ಸ್, ಹಾಗಾಗಿ ಪಾಠಕ್ಕೆ ಮಗಳ ಜೊತೆ ಕೂರುವುದು ನಾನು. ಮೊಬೈಲ್ ಡಾಟಾದಲ್ಲಿ ನಮ್ಮ ಬೀದಿಯಲ್ಲಿ ವಿಡಿಯೋ ನಿಲ್ಲುವುದಿಲ್ಲ. ಪಾಠಕ್ಕೆಂದೇ ಫೈಬರ್ ಲೈನ್ ಹಾಕಿಸಿದ್ದೆ.

ಆ ಲೈನ್ ಒಂದೊಂದು ದಿನ ಇಡೀ ಪಾಠಕ್ಕೆ ಚೆನ್ನಾಗಿರುತ್ತಿತ್ತು. ಇನ್ನೊಂದು ದಿನ ಅರ್ಧ ನಿಮಿಷ ಹೋಗಿ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಯಾಕೆ ಅಂತ ಹೇಳುವ ಹಾಗೇ ಇರಲಿಲ್ಲ.

ಕೊನೆಕೊನೆಗೆ ಲ್ಯಾಪ್‌ಟಾಪ್ ತೆಗೆದರೆ ಸಾಕು, ಹಿತಾ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ನನಗೆ ನಿಜವಾಗಲೂ ಭಯವಾದದ್ದು ಆಗ.

ಮೊದಲು ಅನುಮಾನ ಬಂದದ್ದು ನನ್ನ ಮಿಲ್ಲಿನ ಮೇಲೇ. ಮೋಟರ್ ಹಾಕಿದಾಗ ಮನೆಯ ಲೈಟ್ ಮಂಕಾಗುತ್ತದಲ್ಲ. ಪಾಠದ ಹೊತ್ತಿಗೆ ಮಿಲ್ಲು ನಿಲ್ಲಿಸತೊಡಗಿದೆ.

ರಾಗಿ ತಂದವರು ಜಗುಲಿಯ ಮೇಲೆ ಸುಮ್ಮನೆ ಕೂತು ಕಾಯುತ್ತಿದ್ದರು. "ಮಗ ಕಲೀಲಿ ಬುಡಪ್ಪ, ನಮ್ ಹಿಟ್ಟು ಎಲ್ಲಿಗೋಯ್ತದೆ" ಅಂದವರೂ ಇದ್ದಾರೆ. ಆದರೂ ನೆಟ್ ಹೋಗುವುದು ನಿಲ್ಲಲಿಲ್ಲ.

ಲೈನ್ ನೋಡಿಕೊಳ್ಳುವ ಮಂಜು ಹಾಸನದಿಂದ ಎಷ್ಟೋ ಸಲ ಬಂದ. ಅಡಾಪ್ಟರ್ ಬದಲಾಯಿಸಿದ, ವೈರಿನ ತುದಿ ಕತ್ತರಿಸಿ ಹೊಸದಾಗಿ ಜೋಡಿಸಿದ, ತನ್ನ ಮನೆಯ ರೌಟರನ್ನೇ ತಂದು ಹಾಕಿ ನೋಡಿದ. ಅವನಿರುವಾಗ ಲೈನ್ ಒಮ್ಮೆಯೂ ಕೈಕೊಡಲಿಲ್ಲ. ಅವನಿಗೇ ಬೇಜಾರಾಗಿತ್ತು.

ಒಂದು ಬೆಳಿಗ್ಗೆ ಅವನೇ ಫೋನ್ ಮಾಡಿದ. "ಸಾ, ಮನೆ ಒಳಗಡೆ ಏನೂ ತಪ್ಪಿಲ್ಲ. ಆಚೆ ಎಲ್ಲೋ ವೈರ್ ಬಗ್ತಾ ಐತೆ ಅನ್ಸುತ್ತೆ, ಫೈಬರ್ ಬಗ್ಗಿದ್ರೆ ನೆಟ್ ಹೋಯ್ತದೆ. ಯಾರನ್ನಾದ್ರೂ ನೆಟ್ ಬಾಕ್ಸಿನ ಲೈಟ್ ನೋಡಕ್ಕೆ ಕೂರ್ಸಿ. ಕೆಂಪು ಬಂದ ತಕ್ಷಣ ನೀವು ವೈರ್ ನೋಡಿ."

ಅವ್ವ ಅವರೆಕಾಯಿ ಮೊರ ತಂದುಕೊಂಡು ಬಾಕ್ಸಿನ ಮುಂದೆ ಕೂತಳು. ನಾನು ಬೀದಿಯಲ್ಲಿ ಕತ್ತೆತ್ತಿ ನಿಂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಬಿಸಿಲು ಏರಿತು, ಗಾಳಿ ಎದ್ದಿತು...

"ಕೆಂಪು ಬಂತು ಕಣ್ಲಾ" ಅಂದಳು ಒಳಗಿನಿಂದ.

ಎದುರು ಮನೆ ಸಾಕಕ್ಕನ ತಾರಸಿ ನೋಡುತ್ತೇನೆ. ಅಲ್ಲಿಂದ ಹಾದುಬರುವ ನಮ್ಮ ವೈರಿನ ಮೇಲೆ ಒಂದು ಒದ್ದೆ ಜಮಖಾನ. ಗಾಳಿ ತುಂಬಿದಾಗ ಅದು ವೈರನ್ನು ಗೋಡೆಯ ಅಂಚಿಗೆ ಎಳೆದು ಬಗ್ಗಿಸುತ್ತಿದೆ. ಗಾಳಿ ನಿಂತಿತು. "ಅಸುರು ಬಂತು" ಅಂದಳು ಅವ್ವ.

ಸೀರೆ, ರವಿಕೆ ಎಲ್ಲ ಸಾಕಕ್ಕ ತನ್ನ ಹಗ್ಗಕ್ಕೇ ಹಾಕುತ್ತಿದ್ದಳಂತೆ. ಹಗ್ಗ ತಡೆಯದ ಜಮಖಾನ, ಕಂಬಳಿ ಮಾತ್ರ ವೈರಿಗೆ. "ಇದು ಟಿವಿದು ಹಳೇ ವೈರು ಅನ್ಕಂಡಿದ್ದೆ ಕಣಪ್ಪ" ಅಂದಳು.

ಪಾಠದ ವಿಷಯ ಹೇಳಿದೆ. ಜಮಖಾನವನ್ನು ಎದೆಗೆ ಅವುಚಿಕೊಂಡು ಅಲ್ಲೇ ಕೂತುಬಿಟ್ಟಳು.

"ನಾನ್ ಬಟ್ಟೆ ಒಣಗಾಕಿ ಮಗೀನ್ ಕಿವಿ ಮುಚ್ಚಿಬುಟ್ನಲ್ಲಪ್ಪ."

"ನಿಂಗೆ ಗೊತ್ತಿರಲಿಲ್ಲ, ಬಿಡಕ್ಕ" ಅಂದೆ.

ಸಂಜೆಗೆ ಮಂಜು ಹೊಸ ವೈರ್ ತಂದ. ಸಾಕಕ್ಕ ತನ್ನ ಹಳೇ ಕೊಟ್ಟಿಗೆಯ ಕಬ್ಬಿಣದ ಪೈಪು ತಂದುಕೊಟ್ಟಳು. ಅವನು ಅದನ್ನು ತಾರಸಿಯ ಮೂಲೆಗೆ ಬಿಗಿಯುವವರೆಗೂ ತಾನೇ ಹಿಡಿದು ನಿಂತಳು. ಪೈಪಿನ ತುದಿಗೆ ಕಟ್ಟಿದ ವೈರು ಈಗ ಯಾರ ಕೈಗೂ ಎಟುಕುವುದಿಲ್ಲ.

ಲೈನ್ ಸರಿಹೋಯಿತು, ಮಗಳು ಸರಿಹೋಗಲಿಲ್ಲ. ಮುಂದಿನ ಪಾಠದ ದಿನವೂ ಅವಳು ಮಂಚದ ಕೆಳಗೇ.

ಯಾರೂ ಕರೆಯದೆ ಸಾಕಕ್ಕ ಬಂದಳು. ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಹಿತಾಳ ಬಳೆ ಬುಟ್ಟಿಯಿಂದ ಒಂದನ್ನು ತೆಗೆದು ತನ್ನ ಕೆನ್ನೆಗೆ ಒತ್ತಿಕೊಂಡಳು. ಮೇಡಂ ಅರ್ಥಮಾಡಿಕೊಂಡು ಅವಳಿಗೇ ಪಾಠ ಶುರುಮಾಡಿದರು.

ಸಾಕಕ್ಕ ಬೇಕೆಂದೇ ತಡಮಾಡಿ ಬಳೆ ಹಾಕುತ್ತಿದ್ದಳು. ಮಂಚದ ಕೆಳಗಿನಿಂದ ಎರಡು ಕಣ್ಣು ನೋಡುತ್ತಿದ್ದವು. ಆಮೇಲೆ ಹಿತಾ ತೆವಳಿಕೊಂಡು ಬಂದಳು, ಪಕ್ಕದಲ್ಲಿ ಕೂತಳು, ತಾನೂ ಒಂದು ಬಳೆ ಎತ್ತಿಕೊಂಡಳು.

ಪೇಪರಿನ ಹಿಂದಿನಿಂದ ಮೇಡಂ ಮೆಲ್ಲಗೆ "ಶ್" ಅಂದರು.

ಟಣ್... ಹಿತಾಳ ಬಳೆ ಮೊದಲು ಬಿತ್ತು. ಸಾಕಕ್ಕನ ಕೈಯನ್ನೂ ಹಿಡಿದೆಳೆದು ಅವಳ ಬಳೆಯನ್ನೂ ಡಬ್ಬಿಗೆ ಹಾಕಿಸಿದಳು. ಆ ದಿನ ಪಾಠ ಮುಗಿಯುವವರೆಗೂ ನೆಟ್ ಒಮ್ಮೆಯೂ ಹೋಗಲಿಲ್ಲ.

ಮೊನ್ನೆ ಹಿತಾ ನಮ್ಮ ಬಾಗಿಲಲ್ಲಿ ಬೀದಿಗೆ ಬೆನ್ನು ಮಾಡಿ ಆಡುತ್ತಿದ್ದಾಗ ಸಾಕಕ್ಕ ತಾರಸಿಯಿಂದ ಒಂದು ಸಲ ಕೂಗಿದಳು, "ಇತಾ" ಅಂತ. ಮಗಳು ಆಟ ಬಿಟ್ಟು, ತಿರುಗಿ, ನೇರ ಮೇಲಕ್ಕೆ ನೋಡಿದಳು.

ನಮ್ಮ ಮನೆಯ ವೈರು ಸಾಕಕ್ಕನ ತಾರಸಿ ಮೇಲಿಂದ ಬರುತ್ತದೆ... ನಿಮ್ಮದು ಯಾರ ಮನೆ ಮೇಲಿಂದ ಬರುತ್ತದೆ?