ನಾವೆ ಅಂದರೆ ನಾವಲ್ಲ

ಅಕ್ಕೋರು ಬಲಗೈ ಕಿರುಬೆರಳಿನ ಉಗುರನ್ನಷ್ಟೇ ಉದ್ದ ಬಿಟ್ಟಿದ್ದರು. ಕೆಂಪು ಪೆನ್ನು ಮುಟ್ಟಿದವರಲ್ಲ. ನಮ್ಮ ನೋಟ್‌ಬುಕ್ಕಿನ ಮೇಲೆ ಆ ಉಗುರನ್ನು ಸಾಲಿನಿಂದ ಸಾಲಿಗೆ ಎಳೆಯುತ್ತ ಹೋಗುವರು. ತಪ್ಪು ಸಿಕ್ಕಲ್ಲಿ ಉಗುರು ನಿಲ್ಲುವುದು. ತಪ್ಪು ಮಾಡಿದವರು ತಾವೇ ಕಂಡುಹಿಡಿದು ಬಾಯಿ ಬಿಡುವವರೆಗೆ ಅದು ಅಲ್ಲಿಂದ ಕದಲುತ್ತಿರಲಿಲ್ಲ.

ಖಾನಾಪುರದ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸಿ ನಿವೃತ್ತರಾಗಿದ್ದರು. ಸಂಜೆ ತಮ್ಮ ಪಡಸಾಲೆಯಲ್ಲಿ ಬಿ.ಕಾಂ. ಮೊದಲ ವರ್ಷದ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಅವರ ನಡುವೆ ಹೋಗಿ ಕೂತಾಗ ನನಗೆ ಮೂವತ್ನಾಲ್ಕು. ನನ್ನದು ಹಳೆ ಮನೆಗಳ ಬಾಗಿಲು, ಕಿಟಕಿ, ತೊಲೆಗಳ ವ್ಯಾಪಾರ. ಕೆಡವುವವರಿಂದ ಕೊಂಡು ಕಟ್ಟುವವರಿಗೆ ಮಾರುವುದು. ಬಾಗಿಲನ್ನು ಬೆರಳಿಂದ ಬಡಿದರೆ ಸಾಗವಾನಿಯೋ ಬೇರೆಯೋ ಸಪ್ಪಳದಲ್ಲೇ ಹೇಳಬಲ್ಲೆ. ಖಾನಾಪುರದಲ್ಲೇ ನಮ್ಮ ಮನೆಯ ಬಾಜೂ ಜಾಗದಲ್ಲಿ ಒಂಬತ್ತು ವರ್ಷ ಹೀಗೆ ನಡೆಸಿದ್ದೆ. ಅಷ್ಟರಲ್ಲಿ ಬೆಳಗಾವಿಯಲ್ಲಿ, ಹಿಂಡಲಗಾ ಕಡೆಗೆ, ಇದೇ ವ್ಯಾಪಾರದ ದೊಡ್ಡ ಡಿಪೋದ ಮಾಲೀಕರು ಅರ್ಧ ಪಾಲು ಮಾರಲು ತಯಾರಾದರು. ಕೊಡಬೇಕಾದದ್ದು ನನ್ನ ಒಂಬತ್ತು ವರ್ಷದ ಉಳಿತಾಯವಷ್ಟೂ. ಕೊಡುವ ಮೊದಲು ಲೆಕ್ಕದ ಹಾಳೆ ಓದಲು ಬರಬೇಕೆಂದು ಅಕ್ಕೋರ ಹತ್ತಿರ ಹೋದೆ. ನಿಮಗೂ ಹೇಳುತ್ತೇನೆ, ಲೆಕ್ಕ ಕಲಿಯುವುದಿದ್ದರೆ ರೊಕ್ಕ ಕೈಯಲ್ಲಿದ್ದಾಗಲೇ ಕಲಿಯಿರಿ.

ಪುಸ್ತಕದ ಲೆಕ್ಕವನ್ನು ಒಮ್ಮೆ ಓದಿಸಿ ಪುಸ್ತಕ ಮುಚ್ಚಿಸುವುದು ಅವರ ಪದ್ಧತಿ. "ಈಗ ಹೇಳು. ಯಾರು ಕೊಟ್ರು, ಯಾರು ತೊಗೊಂಡ್ರು?" ನಾನು ಬಾಯಿಲೆಕ್ಕದಲ್ಲಿ ಪಟ್ಟನೆ ಉತ್ತರ ಹೇಳಿ ಎದೆ ಉಬ್ಬಿಸುತ್ತಿದ್ದೆ. "ಉತ್ತರ ಖರೇ ಐತಿ. ಲೆಕ್ಕ ಎಲ್ಲೈತಿ?" ಎನ್ನುವರು.

ಅವರ ಮನೆಮಾತು ಮರಾಠಿ. ಡೆಬಿಟ್ಟಿಗೆ ನಾವೆ, ಕ್ರೆಡಿಟ್ಟಿಗೆ ಜಮಾ ಎನ್ನುತ್ತಿದ್ದರು. ನನ್ನ ಕನ್ನಡದ ಕಿವಿಗೆ ನಾವೆ ಎಂದರೆ ನಾವೇ. ಹೀಗಾಗಿ ಅವರು ನಾವೆ ಎಂದು ಬರೆಸಿದ್ದನ್ನೆಲ್ಲ ನಾವೇ ಕೊಡಬೇಕಾದದ್ದು ಎಂದುಕೊಂಡು ಒಂದು ಲೆಕ್ಕವನ್ನು ಕೊನೆತನಕ ಬಿಡಿಸಿದೆ. ಪುಸ್ತಕದೊಳಗಿನ ವ್ಯಾಪಾರಿ ಪಾಪ ದಿವಾಳಿಯಾದ. ಉಗುರು ನಿಂತಿತು.

"ಈ ಗಿರಾಕಿ ಉದ್ರಿ ಒಯ್ದಾನ. ರೊಕ್ಕಾ ಅವ ಕೊಡಬೇಕೋ, ನೀ ಕೊಡಬೇಕೋ?"

"ನೀವ ಹೇಳೀರಲ್ರೀ ಅಕ್ಕೋರ, ನಾವೇ ಅಂತ!"

ಹುಡುಗಿಯರು ಬಿದ್ದು ಬಿದ್ದು ನಕ್ಕರು. "ಬಾಗಲದಕ್ಕಾ, ಹಂಗಾದ್ರ ನಮ್ಮ ಕ್ಯಾಂಟೀನ್ ಉದ್ರೀನೂ ನೀವೇ ಕೊಟ್ಟುಬಿಡ್ರಿ!" ಎಂದಳು ಒಬ್ಬಳು.

"ಅಗಬಾಯಿ!" ಎಂದರು ಅಕ್ಕೋರು. "ನಾವೆ ಅಂದ್ರ ನಾವಲ್ಲ ತಂಗಿ, ನಾಂವ, ಹೆಸರು. ಅವನ ಹೆಸರಿಗೆ ಬರಿ ಅಂತ. ಒಂದೊಂದು ಸಾಲಿನ್ಯಾಗೂ ಒಬ್ಬರ ಹೆಸರು ಇರತೈತಿ. ಅದು ಯಾರದು ಅಂತ ಮೊದಲ ಕೇಳು, ಆಮ್ಯಾಲೆ ರಕಮು."

ಮುಂದೆ ಡಿಪೋದವರು ವರ್ಷದ ಲಾಭ-ನಷ್ಟದ ಹಾಳೆ ಕೊಟ್ಟರು. ಕೊಂಡದ್ದು, ಮಾರಿದ್ದು, ಲಾರಿ, ಹಮಾಲಿ, ಕರೆಂಟು, ಕೊನೆಗೆ ಕಣ್ಣು ತುಂಬುವ ಲಾಭ. ಮೂರು ಸಲ ಹೋಗಿ ಪಾಲಿನ ರೇಟನ್ನೂ ಇಳಿಸಿದ್ದೆ. ಸೋಮವಾರ ಮುಂಗಡ ಕೊಡುವುದೆಂದು ಮಾತಾಗಿತ್ತು. ಹೊಗಳಿಸಿಕೊಳ್ಳಲು ಹಾಳೆಯನ್ನು ಅಕ್ಕೋರಿಗೆ ಒಯ್ದೆ. ಅವರು ಹೊಗಳಲಿಲ್ಲ. ಮಾಲೀಕರ ಹೆಸರು ಮುಚ್ಚಿ ಅಷ್ಟನ್ನೂ ಬೋರ್ಡಿನ ಮೇಲೆ ಬರೆಸಿದರು.

"ಇದರಾಗ ಯಾರ ಹೆಸರು ಬಿಟ್ಟೈತಿ?"

"ಜಾಗಾದ ಬಾಡಿಗಿ ಇಲ್ರಿ," ಎಂದಳು ಕ್ಯಾಂಟೀನ್ ಉದ್ರಿಯ ಹುಡುಗಿ.

"ಜಾಗಾ ಅವರದ ಐತಿ. ಬಾಡಿಗಿ ಯಾರಿಗೆ ಕೊಡ್ತಾರ?" ಎಂದೆ ನಾನು.

"ಆ ಜಾಗಾ ಬ್ಯಾರೇದವರಿಗೆ ಕೊಟ್ಟಿದ್ರ ಬಾಡಿಗಿ ಬರತಿತ್ತಲ್ಲ?" ಎಂದರು ಅಕ್ಕೋರು. "ಬರಿ. ಅಲ್ಲಿ ದುಡಿಯೋರು ಯಾರು?"

"ಅವರ ಇಬ್ಬರು ಗಂಡುಮಕ್ಕಳು."

"ಪಗಾರ?"

"ಮನಿ ಮಕ್ಕಳಿಗೆ ಎಂಥಾ ಪಗಾರ್ರೀ?"

"ನಾಳೆ ನೀ ಪಾಲು ತೊಗೊಂಡ ಮ್ಯಾಲೆ ಅವರು ನಿನ್ನ ಮನಿ ಮಕ್ಕಳೇನು?"

ಆ ಭಾಗದಲ್ಲಿ ನಡೆಯುವ ಬಾಡಿಗೆ, ಇಬ್ಬರ ಪಗಾರ ಬರೆದೆವು. ಲಾಭವೆಲ್ಲ ಕರಗಿ ಸ್ವಲ್ಪ ನಷ್ಟವೇ ಬಂತು. ಮಾಲೀಕರು ಸುಳ್ಳು ಬರೆದಿರಲಿಲ್ಲ. ಹಾಳೆಯಲ್ಲಿ ದುಡಿಯುತ್ತಿದ್ದುದು ಅವರ ಜಾಗ, ಅವರ ಮಕ್ಕಳು, ವ್ಯಾಪಾರವಲ್ಲ.

"ನನ್ನ ಧಂದೆ ಹಂಗಿಲ್ಲ ಬಿಡ್ರಿ," ಎಂದೆ ಮುಖ ಉಳಿಸಿಕೊಳ್ಳಲು.

"ಹಂಗಾದ್ರ ನಿಂದೂ ಬರಿ."

ಬರೆದೆ. ಅಕ್ಕೋರ ಉಗುರು ಇಳಿಯುತ್ತ ಬಂದು, ಹಮಾಲಿಯ ಕೆಳಗೆ, ಏನೂ ಬರೆಯದ ಖಾಲಿ ಜಾಗದ ಮೇಲೆ ನಿಂತಿತು. ಮೇಲಿನಿಂದ ಮತ್ತೊಮ್ಮೆ ಓದಿಕೊಂಡು ಬಂದೆ. ಆಮೇಲೆ ಹೊಳೆಯಿತು. ನಾನು ಖರೀದಿಗೆ ಊರೂರು ತಿರುಗುವಾಗ ಬೆಳಗಿನಿಂದ ಸಂಜೆತನಕ ಬಾಗಿಲುಗಳ ನಡುವೆ ಕೂತು, ಧೂಳು ಒರೆಸಿ, ಎಣ್ಣೆ ಹಚ್ಚಿ, ಬಂದ ಗಿರಾಕಿಗೆ ರೇಟು ಹೇಳುತ್ತಿದ್ದವರು ನಮ್ಮ ಅತ್ತೆ.

"ನಮ್ಮ ಅತ್ತಿ," ಎಂದೆ. ಉಗುರು ಮುಂದಕ್ಕೆ ಸರಿಯಿತು.

ಸೋಮವಾರ ಹಿಂಡಲಗಾಕ್ಕೆ ಹೋದೆ, ಮುಂಗಡವಿಲ್ಲದೆ. "ಪಾಲು ಬ್ಯಾಡ್ರಿ, ಜಾಗಾ ಬಾಡಿಗಿ ಕೊಡ್ರಿ. ಧಂದೆ ನಾ ಮಾಡ್ತೀನಿ," ಎಂದೆ. ಮಾಲೀಕರು ಸಿಟ್ಟಾಗಿ ಚಹಾ ಕೂಡ ಕೇಳಲಿಲ್ಲ. ಮೂರನೆಯ ದಿನ ಅವರದೇ ಫೋನು ಬಂತು. ಈಗ ಅವರಿಗೆ ತಿಂಗಳ ಬಾಡಿಗೆ ಹೋಗುತ್ತದೆ, ಹಿರಿಮಗ ನನ್ನ ಹತ್ತಿರ ಪಗಾರಕ್ಕಿದ್ದಾನೆ. ಅವೆರಡನ್ನೂ ಸೇರಿಸಿಯೇ ಮಾಲಿಗೆ ರೇಟು ಕಟ್ಟುತ್ತೇನೆ. ಒಂಬತ್ತು ವರ್ಷದ ಉಳಿತಾಯ ಮಾಲಾಗಿ ನನ್ನ ಕಣ್ಣೆದುರಿಗೇ ನಿಂತಿದೆ. ಪಾಲು ಕೊಳ್ಳುವವರು ಹಾಳೆಯಲ್ಲಿ ಬರೆದದ್ದನ್ನು ಒಮ್ಮೆ ಓದಿ, ಬರೆಯದ್ದನ್ನು ಎರಡು ಸಲ ಓದಬೇಕು.

ಖಾನಾಪುರದ ಜಾಗವನ್ನು ಅತ್ತೆಯೇ ನೋಡಿಕೊಂಡರು. ತಿಂಗಳಾದ ಮೇಲೆ ಪಗಾರ ಎಣಿಸಿ ಅವರ ಕೈಗಿಟ್ಟೆ. ನೋಟುಗಳನ್ನು ಹಾಗೇ ಹಿಡಿದುಕೊಂಡು, "ಇದನ್ನ ಯಾರಿಗೆ ಮುಟ್ಟಸಬೇಕವಾ?" ಎಂದರು.

"ಯಾರಿಗೂ ಇಲ್ರಿ ಅತ್ತಿ. ನಿಮ್ಮದು."

ಇದನ್ನು ತಮಾಷೆಯೆಂದು ಅಕ್ಕೋರಿಗೆ ಹೇಳಿದೆ. ಅವರು ನಗಲಿಲ್ಲ. "ಹಿಂದಿನ ಒಂಬತ್ತು ವರ್ಷದ್ದು?" ಎಂದು ಕೇಳಿದರು. ಆ ಬಾಕಿಯನ್ನು ಪ್ರತಿ ತಿಂಗಳು ಪಗಾರದ ಮೇಲೆ ಸ್ವಲ್ಪ ಸ್ವಲ್ಪ ಸೇರಿಸಿ ಇನ್ನೂ ತೀರಿಸುತ್ತಿದ್ದೇನೆ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಎರಡೇ ದಿನದ ಜ್ವರ. ಅತ್ತೆ ಅವರನ್ನು ಒಮ್ಮೆಯೂ ನೋಡಿದವರಲ್ಲ, ಪಗಾರ ಬರೆಸಿದವರು ಅವರೆಂದು ನನ್ನಿಂದ ಕೇಳಿದ್ದರಷ್ಟೇ; ಆದರೂ ನಾನೂ ಬರುತ್ತೇನೆಂದು ಸೀರೆ ಬದಲಿಸಿ ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ ಹಾರ ಕೊಳ್ಳಲು ನಿಂತೆವು. ಹೂವಿನಾಕೆ ರೇಟು ಹೇಳಿದಳು, ನಾನು ರೂಢಿಯಂತೆ ಅದರ ಅರ್ಧ ಹೇಳಿದೆ. ಅತ್ತೆ ನನ್ನ ಕೈಯನ್ನು ಬದಿಗೆ ಸರಿಸಿ ಸೊಂಟದ ಚೀಲ ಬಿಚ್ಚಿದರು.

"ಸುಮ್ನಿರು. ರೊಕ್ಕಾ ನಂದೈತಿ."

ಹೂವಿನಾಕೆ ಕೇಳಿದಷ್ಟನ್ನೂ ಎಣಿಸಿ ಕೊಟ್ಟು, ಹಾರವನ್ನು ತಾವೇ ಹಿಡಿದುಕೊಂಡು, ಅಕ್ಕೋರ ಮನೆ ಯಾವ ಕಡೆ ಎಂದು ನನ್ನನ್ನು ಕೇಳಿದರು.