ಅರ್ಜಿಯಲ್ಲಿ ಬರೆದ ದೇಶ

ನನ್ನ ಹೆಂಡತಿ ಪರದೇಶಕ್ಕೆ ಹೋಗಿ ಓದಬೇಕೆಂದು ಹೊರಟಾಗ ಅವಳಿಗೆ ಮೂವತ್ತಮೂರು ವರ್ಷ, ನಮ್ಮ ಮಗಳಿಗೆ ಆರು. ಅವಳು ಜತ್ತದ ಸರಕಾರಿ ದವಾಖಾನೆಯಲ್ಲಿ ನರ್ಸು. ನಾನು ಯಳವಿಯ ಕಡೆ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರ. ನಮ್ಮ ಜೊತೆ ನನ್ನ ಅವ್ವ ಇದ್ದಳು. ಅವರಿವರ ಹೊಲದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವಳು ಅವಳು. ನರ್ಸಿಂಗ್ ಪದವಿ ಮುಗಿಸಿದ ಸೊಸೆ ತವರೂರು ಬೆಳುಂಕಿಯಿಂದ ಮನೆಗೆ ಬಂದಾಗ ಅವ್ವ ನನಗಿಂತ ಹೆಚ್ಚು ಹಿಗ್ಗಿದ್ದಳು.

ಹೊರದೇಶದಲ್ಲಿ ಓದುವವರಿಗೆ ಸರಕಾರದ ಶಿಷ್ಯವೃತ್ತಿ ಇದೆಯೆಂದು ಮೊದಲು ಹೇಳಿದವನು ನಾನೇ. ಅವಳು ನಂಬಲಿಲ್ಲ. ಆಮೇಲೆ ಎರಡು ವರ್ಷ ಇಂಗ್ಲಿಷ್ ಪರೀಕ್ಷೆಗೆ ಕುಳಿತು, ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯಲ್ಲಿ ಮೊಬೈಲ್ ಆನಿಸಿಟ್ಟುಕೊಂಡು ಪಾಠ ಕೇಳಿ, ಕೊನೆಗೆ ಎರಡು ವಿಶ್ವವಿದ್ಯಾಲಯಗಳಿಂದ ಸೀಟು ಸಿಕ್ಕಿದೆಯೆಂಬ ಪತ್ರ ತರಿಸಿಕೊಂಡಳು. ಒಂದು ಇಂಗ್ಲೆಂಡಿನದು. ಹೆರಿಗೆ ಮಾಡಿಸುವುದರಲ್ಲೇ ಉನ್ನತ ಓದು, ಒಂದು ವರ್ಷ. ಇನ್ನೊಂದು ಆಸ್ಟ್ರೇಲಿಯಾದ್ದು. ಆಸ್ಪತ್ರೆಯ ಆಡಳಿತದ ಓದು, ಎರಡು ವರ್ಷ. ಶಿಷ್ಯವೃತ್ತಿಯ ಅರ್ಜಿಯಲ್ಲಿ ಒಂದೇ ದೇಶದ ಹೆಸರು ಬರೆಯಬೇಕಿತ್ತು.

ಇಂಗ್ಲೆಂಡಿಗೆ ಅಂಥ ಓದಿಗೆ ಹೋಗುವವರು ಗಂಡನನ್ನಾಗಲಿ ಮಕ್ಕಳನ್ನಾಗಲಿ ಜೊತೆಗೆ ಕರೆದೊಯ್ಯುವಂತಿಲ್ಲ ಎಂಬ ನಿಯಮ ಆಗಷ್ಟೇ ಬಂದಿತ್ತು. ಆಸ್ಟ್ರೇಲಿಯಾಕ್ಕೆ ಮೂವರೂ ಹೋಗಬಹುದಾಗಿತ್ತು. ನನಗೆ ಅಷ್ಟೇ ಸಾಕಾಯಿತು. ನಾನು ದಿನಾಲೂ ಆ ದೇಶದ ಮನೆಗಳ, ಶಾಲೆಗಳ ಚಿತ್ರ ನೋಡತೊಡಗಿದೆ. ಮಗಳಿಗೆ ತೋರಿಸಿದೆ. ಅಲ್ಲಿಯೂ ನಮ್ಮಂತೆಯೇ ಒಣ ಬಯಲು, ಕುರಿ ಹಿಂಡು ಇವೆಯೆಂದು ಅವ್ವನಿಗೆ ವರ್ಣಿಸಿದೆ. ಎರಡು ವರ್ಷ ರಜೆ ಹಾಕಬೇಕಾಗಬಹುದು ಎಂದು ಮುಖ್ಯಾಧ್ಯಾಪಕರ ಕಿವಿಗೂ ಹಾಕಿಬಿಟ್ಟೆ. ಹೆಂಡತಿ ಒಮ್ಮೆ, ಹೆರಿಗೆಯ ಓದು ನನ್ನ ಕೆಲಸಕ್ಕೆ ಹೆಚ್ಚು ಹತ್ತಿರ ಅಲ್ಲವೇ ಎಂದಳು. ಮಗುವನ್ನು ಬಿಟ್ಟು ಒಂದು ವರ್ಷ ಇರುತ್ತೀಯಾ ಎಂದು ನಾನು ಕೇಳಿದೆ. ಅವಳು ಸುಮ್ಮನಾದಳು. ಆ ಪ್ರಶ್ನೆಗೆ ಯಾವ ತಾಯಿಯೂ ಸುಮ್ಮನಾಗುತ್ತಾಳೆಂದು ತಿಳಿದೇ ನಾನು ಕೇಳಿದ್ದೆ. ಮರುದಿನವೇ ಅರ್ಜಿ ತುಂಬಿದೆ. ದೇಶದ ಜಾಗದಲ್ಲಿ ಆಸ್ಟ್ರೇಲಿಯಾ ಎಂದು ಬರೆದೆ. ಕೆಲವು ಕಾಗದಪತ್ರ ಬರುವುದು ಬಾಕಿ ಇದ್ದುದರಿಂದ ಕಳಿಸುವುದು ಉಳಿಯಿತು.

ಅದೇ ವಾರ ಶೇಗಾಂವದ ಆಚೆಯ ಒಂದು ತೋಟದ ವಸ್ತಿಯಿಂದ ಒಬ್ಬ ಹೆಂಗಸನ್ನು ದವಾಖಾನೆಗೆ ತಂದರು. ಮನೆಯಲ್ಲೇ ಹೆರಿಗೆಯಾಗಿತ್ತು. ಕೂಸು ಚೆನ್ನಾಗಿತ್ತು, ಆದರೆ ಬಾಣಂತಿಗೆ ರಕ್ತ ನಿಲ್ಲುತ್ತಿರಲಿಲ್ಲ. ಕೊಡಬೇಕಾದ ಔಷಧಿ ಕೊಟ್ಟು, ದೊಡ್ಡಾಸ್ಪತ್ರೆಗೆಂದು ತಡಮಾಡದೆ ಮಿರಜಿನ ಕಡೆ ಹೊರಡಿಸಿದರು. ಆಂಬುಲೆನ್ಸಿನಲ್ಲಿ ಜೊತೆಗೆ ಹೋದವಳು ನನ್ನ ಹೆಂಡತಿ. ದಾರಿಯುದ್ದಕ್ಕೂ ಅವಳು ಆ ಹೆಂಗಸಿನ ಹೊಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಕುಳಿತಿದ್ದಳಂತೆ. ಮಿರಜ ಇನ್ನೂ ದೂರವಿರುವಾಗಲೇ ಆಕೆಯ ಉಸಿರು ನಿಂತಿತು. ಆ ದಿನ ಮನೆಗೆ ಬಂದವಳು ಸ್ನಾನ ಮಾಡಿ, ಮಗಳ ತಲೆ ಬಾಚಿ, ಊಟಕ್ಕೆ ಬಡಿಸಿದಳು. ಇಷ್ಟೆಲ್ಲ ನನಗೆ ತಿಳಿದದ್ದು ಮರುದಿನ, ದವಾಖಾನೆಯ ಬೇರೆಯವರಿಂದ. ಅಂಥ ದಿನಗಳು ಅವಳ ಕೆಲಸದಲ್ಲಿ ಬರುತ್ತವೆ ಎಂದುಕೊಂಡು ನಾನೂ ಕೆದಕಲಿಲ್ಲ.

ಹದಿನೈದು ದಿನದ ಮೇಲೆ ಬಾಕಿ ಕಾಗದಗಳು ಬಂದವು. ಸಂಜೆ ಅರ್ಜಿ ಕಳಿಸಿಬಿಡೋಣ ಎಂದೆ. ಹೆಂಡತಿ ನನ್ನೆದುರು ಬಂದು ನೆಲದ ಮೇಲೆ ಕುಳಿತಳು. ಅಂದು ಮಧ್ಯಾಹ್ನ, ಆಂಬುಲೆನ್ಸಿನಲ್ಲಿ ತೀರಿಕೊಂಡ ಬಾಣಂತಿಯ ತಾಯಿ ದವಾಖಾನೆಗೆ ಬಂದಿದ್ದಳಂತೆ. ಜಗಳಕ್ಕಲ್ಲ, ಯಾವ ಕಾಗದಕ್ಕೂ ಅಲ್ಲ. ಒಂದು ಮಾತು ಕೇಳಲಿಕ್ಕೆ.

"ಬಾಯಾರ, ನೀವ ಅಕಿ ಸಂಗಾಟ ಇದ್ರಿ. ನನ್ನ ಮಗಳು ಕಡೀಕ ಏನಂದ್ಳ್ರಿ?"

ಕೂಸು ಹೇಗಿದೆಯೆಂದು ಕೇಳಿದಳು ಎಂದು ನನ್ನ ಹೆಂಡತಿ ಹೇಳಿದಳು. ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು, ಅಷ್ಟು ಸಾಕೆಂಬಂತೆ ಕೈಮುಗಿದು ಹೋದಳಂತೆ.

"ಅದು ಖರೆ ಅಲ್ರಿ," ಎಂದಳು ಹೆಂಡತಿ. "ಅಕಿ ಏನೋ ಅಂತಿದ್ಳು. ನಾ ಕೇಳಿಸ್ಕೊಂಡಿಲ್ಲ. ನನ್ನ ಲಕ್ಷ್ಯ ಎಲ್ಲಾ ರಕ್ತದ ಮ್ಯಾಲಿತ್ತು."

ನಾನು ಏನೋ ಸಮಾಧಾನ ಹೇಳಹೋದೆ. ಅವಳು ತಡೆದಳು. ಆಡಳಿತ ಕಲಿತರೆ ತನ್ನನ್ನು ಕುರ್ಚಿಯ ಮೇಲೆ ಕೂಡಿಸುತ್ತಾರೆ, ತನಗೆ ಆ ಕುರ್ಚಿ ಬೇಡ ಎಂದಳು. ಆ ಆಂಬುಲೆನ್ಸಿನಲ್ಲಿ ತನಗೆ ಇನ್ನೇನಾದರೂ ಗೊತ್ತಿದ್ದರೆ ಆಕೆ ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾರೆ, ಆದರೆ ಮುಂದಿನವಳ ಹತ್ತಿರ ಕುಳಿತಾಗ ಅದು ಗೊತ್ತಿರಬೇಕು ಎಂದಳು. ಕೊನೆಗೆ, "ನೀವು ಹೂಂ ಅಂದ್ರ ಅಷ್ಟ ಇಂಗ್ಲೆಂಡಿಗೆ ಹೋಗ್ತೀನ್ರಿ," ಎಂದು ಎದ್ದು ಹೋದಳು.

ನಾನು ಹೂಂ ಅನ್ನಲಿಲ್ಲ. ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಗಳ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ಯಾರಾದರೂ, ಯಾವಾಗ ಹೊರಡುವುದು ಎಂದು ಕೇಳಿದರೆ ಸಿಟ್ಟು ಬರುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಎದುರು ಕುಳಿತು, ಅಷ್ಟು ಚಿಕ್ಕ ಮಗುವನ್ನು ಬಿಟ್ಟು ಹೋಗುವುದು ಸರಿಯೇ, ನೀನಾದರೂ ಅವಳಿಗೆ ಹೇಳು ಎಂದೆ. ಅವ್ವ ಮೊರದಿಂದ ಕಣ್ಣೆತ್ತದೆಯೇ ಕೇಳಿದಳು.

"ಓದಾಕ ಹೊಂಟಾಕಿ ಅಕಿನೋ, ನೀನೋ?"

ಕೂಸನ್ನು ನಾನು ನೋಡಿಕೊಳ್ಳುತ್ತೇನೆ, ನಿನ್ನನ್ನು ಬದುವಿನ ಮೇಲೆ ಮಲಗಿಸಿ ಕಳೆ ತೆಗೆಯುವಾಗ ಯಾರೂ ನನ್ನನ್ನು ಸರಿಯೇ ಎಂದು ಕೇಳಲಿಲ್ಲ ಎಂದು ಅವ್ವ ಮೆಲ್ಲಗೆ ಹೇಳಿ ಮತ್ತೆ ಕಲ್ಲು ಆರಿಸತೊಡಗಿದಳು. ಆ ಹೊತ್ತಿಗೆ ನನಗಾದ ನಾಚಿಕೆಯನ್ನು ಈಗಲೂ ಸರಿಯಾಗಿ ಬರೆಯಲಾರೆ. ಹೆಂಡತಿಯ ಓದಿಗಾಗಿ ದೇಶ ಹುಡುಕುತ್ತೇನೆಂದು ಹೊರಟವನು, ನನಗೆ ಇರಲು ಬೇಕಾದ ದೇಶವನ್ನು ಹುಡುಕಿಕೊಂಡಿದ್ದೆ. ಅಂದು ಶಾಲೆ ಬಿಟ್ಟ ಮೇಲೆ ಜತ್ತದ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ಅರ್ಜಿಯಲ್ಲಿ ದೇಶದ ಹೆಸರು ಬದಲಿಸಿ ಕಳಿಸಿದೆ. ಮನೆಗೆ ಬಂದು ಹೇಳಿದಾಗ ಅವಳು ನಗಲಿಲ್ಲ. ಮಲಗಿದ್ದ ಮಗಳ ಹತ್ತಿರ ಹೋಗಿ ಬಹಳ ಹೊತ್ತು ಕುಳಿತಳು.

ಶಿಷ್ಯವೃತ್ತಿ ಸಿಕ್ಕಿತು. ಹೊರಡುವ ದಿನ ಬುದ್ಧನ ಮೂರ್ತಿಯ ಮುಂದೆ ನಾವು ನಾಲ್ವರೂ ಕುಳಿತು ವಂದನೆ ಹೇಳಿದೆವು. ಮಗಳ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ತನ್ನ ತಾಯಿ ಎಷ್ಟು ದೂರ ಹೋಗುತ್ತಾಳೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಮೊದಲ ತಿಂಗಳು ಫೋನ್ ಬಂದರೆ ಓಡಿ ಬರುತ್ತಿದ್ದಳು. ಆಮೇಲೆ ಆಟ ಬಿಟ್ಟು ಬರಲು ಕರೆಯಬೇಕಾಯಿತು. ದೀಪಾವಳಿ ಕಳೆದ ಮೇಲೆ ಪರದೆಯ ಮೇಲಿನ ತಾಯಿಯನ್ನು ನೋಡಿ, ಊಟ ಮಾಡಿದ್ದೇನೆ, ಶಾಲೆಗೆ ಹೋಗಿದ್ದೇನೆ ಎಂದು ಪಾಠ ಒಪ್ಪಿಸಿದಂತೆ ಹೇಳಿ ಅಜ್ಜಿಯ ಮಡಿಲಿಗೆ ಹೋಗಿಬಿಡುತ್ತಿದ್ದಳು. ಆಗ ಹೆಂಡತಿ ಫೋನನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿರುತ್ತಿದ್ದಳು. ಅಲ್ಲಿಯ ಹೆರಿಗೆ ಕೋಣೆಗಳ ಬಗ್ಗೆ, ತನಗೆ ಕಲಿಸುತ್ತಿದ್ದ ಹಿರಿಯ ಸೂಲಗಿತ್ತಿಯ ಬಗ್ಗೆ ನನಗೆ ಹೇಳುವಾಗ ಮಾತ್ರ ಅವಳ ದನಿ ಮೊದಲಿನಂತಾಗುತ್ತಿತ್ತು. ಅಳುವುದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಅಳಲಿಲ್ಲ ಎಂದು ಹೇಳಲಾರೆ.

ವರ್ಷ ಮುಗಿಸಿ ಬಂದಳು. ನಾನು ಪುಣೆಯಿಂದ ಕರೆದುಕೊಂಡು ಬಂದೆ. ಮಗಳು ಬಾಗಿಲಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ಮುಂದಿನ ಎರಡು ಹಲ್ಲು ಬಿದ್ದು ಹೊಸವು ಬಂದಿದ್ದವು. ತಾಯಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬಹಳ ಮರ್ಯಾದೆಯಿಂದ ಹೇಳಿದಳು.

"ಬರ್ರಿ. ಒಳಗ ಬಂದು ಕುಂದ್ರಿ."

ನಮ್ಮಲ್ಲಿ ಯಾವ ಮಗುವೂ ಹೆತ್ತವ್ವನಿಗೆ ಹಾಗೆ ಹೇಳುವುದಿಲ್ಲ. ಹೆಂಡತಿ ಒಳಗೆ ಬಂದು ಹೇಳಿದಲ್ಲಿ ಕುಳಿತಳು. ಮಗಳು ತಂದುಕೊಟ್ಟ ನೀರು ಕುಡಿದಳು.

ಈಗ ಅವಳು ಹೆರಿಗೆ ವಾರ್ಡಿನಲ್ಲೇ ಇದ್ದಾಳೆ. ಹಳ್ಳಿಗಳ ನರ್ಸುಗಳಿಗೂ ಆಶಾ ಕಾರ್ಯಕರ್ತೆಯರಿಗೂ ಕಲಿಸುತ್ತಾಳೆ. ರಕ್ತ ನಿಲ್ಲದ ಇಬ್ಬರು ಬಾಣಂತಿಯರು ಅವಳ ಕೈಯಲ್ಲಿ ಉಳಿದಿದ್ದಾರೆ. ಮತ್ತೊಬ್ಬಳು ಉಳಿಯಲಿಲ್ಲ. ಮಗಳ ಬಾಯಿಂದ 'ನೀವು' ಹೋಗಲು ಸುಮಾರು ಎರಡು ತಿಂಗಳು ಹಿಡಿಯಿತು. ನಾವು ತಿದ್ದಲಿಲ್ಲ. ಒಂದು ಭಾನುವಾರ ಹೆಂಡತಿ ಬೆಳಗಿನ ಡ್ಯೂಟಿಯಿಂದ ಬರುವುದು ಮಧ್ಯಾಹ್ನ ಮೂರಾಯಿತು. ಮಗಳು ಹೊಸ್ತಿಲಲ್ಲಿ ಕುಳಿತಿದ್ದಳು.

"ಇಷ್ಟೊತ್ತನಾ ಎಲ್ಲಿ ಹೋಗಿದ್ದಿ ನೀ? ನಾ ಇನ್ನಾ ಉಂಡಿಲ್ಲ."

ಹೆಂಡತಿ ಚಪ್ಪಲಿ ಬಿಡುವುದನ್ನೂ ಮರೆತು ಅಂಗಳದಲ್ಲಿ ನಿಂತಳು. ಆಮೇಲೆ ಒಳಗೆ ಹೋಗಿ, ಕೈ ತೊಳೆದು, ಒಂದೇ ತಟ್ಟೆಯಲ್ಲಿ ಇಬ್ಬರಿಗೂ ರೊಟ್ಟಿ ಬಡಿಸಿಕೊಂಡಳು.