ಭಾವ ಕೋಳಿ ಬೇಯಿಸಿದ ಸಂಜೆ

ಮಾಂಸದಂಗಡಿ ಇಟ್ಟುಕೊಂಡಿರುವ ನಮ್ಮ ಭಾವನ ಎದುರು ದನಿ ಏರಿಸಿ ಮಾತಾಡುವ ಗಂಡಸು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕೊಬ್ಬು ಜಾಸ್ತಿ ಹಾಕಿದಿರಿ ಎಂದು ಯಾರಾದರೂ ಗೊಣಗಿದರೆ ಸಾಕು, ಮಚ್ಚನ್ನು ಮರದ ದಿಮ್ಮಿಗೆ ಹೊಡೆದು ನಿಲ್ಲಿಸಿ, "ಹಾಗಾದ್ರೆ ನೀವೇ ಕಡ್ಕೊಳ್ಳಿ" ಎನ್ನುತ್ತಾರೆ. ಅಂಥವರು ಆವತ್ತು ಸಂಜೆ ಅಡುಗೆಮನೆಯಲ್ಲಿ ಒಂದು ತುಂಡು ಕೋಳಿಯ ಎದೆಮಾಂಸದ ಮುಂದೆ ಗಡಗಡ ನಡುಗುತ್ತ ನಿಂತಿದ್ದರು. ನಾನೇ ಕಣ್ಣಾರೆ ನೋಡಿದೆ.

ಅಕ್ಕನಿಗೆ ಕರುಳಿನ ಆಪರೇಷನ್ ಆಗಿತ್ತು. ಕೆಟ್ಟುಹೋದ ಭಾಗವನ್ನು ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿ ಹೊಲಿದಿದ್ದರು. ಆಸ್ಪತ್ರೆಯಲ್ಲಿ ನರ್ಸಮ್ಮ ಬೆಳಗಾದರೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಗಾಳಿ ಹೋಯ್ತಾ?" ಹೋದರೆ ಒಳಗಿನ ದಾರಿ ತೆರೆದಿದೆ ಎಂದರ್ಥ. ಮನೆಗೆ ಬಂದ ಮೇಲೆ ಬರೀ ಗಂಜಿ. ಆ ಸಂಜೆಗೆ ಒಂದು ವಾರ ಮುಂಚೆ ಡಾಕ್ಟರಮ್ಮ ಅಕ್ಕನನ್ನು ನೋಡಿ, "ಇನ್ನು ಗಂಜಿ ಸಾಕು. ಕೊಬ್ಬಿಲ್ಲದ ಕೋಳಿಮಾಂಸ, ಸೊಪ್ಪಿನ ಎಲೆ, ಎರಡನ್ನೂ ಮೆತ್ತಗೆ ಬೇಯಿಸಿ ಸ್ವಲ್ಪ ಸ್ವಲ್ಪ ಕೊಡಿ. ತಿನ್ನದಿದ್ರೆ ಗಾಯ ಹೇಗೆ ಮಾಗುತ್ತೆ?" ಎಂದಿದ್ದರು. ಹೊರಡುವಾಗ, "ಹೊಟ್ಟೆ ಉಬ್ಬಿ ಜೋರು ನೋವು ಬಂದ್ರೆ, ವಾಂತಿಯಾದ್ರೆ ತಕ್ಷಣ ಕರ್ಕೊಂಡು ಬನ್ನಿ" ಎಂದೂ ಸೇರಿಸಿದ್ದರು. ಭಾವನ ಕಿವಿಗೆ ಬಿದ್ದದ್ದು ಈ ಕೊನೆಯ ಮಾತೊಂದೇ. ದಿನಾ "ನಾಳೆ ಮಾಡೋಣ" ಎನ್ನುತ್ತ ಗಂಜಿಯನ್ನೇ ಕುಡಿಸಿದರು. ಅಕ್ಕ ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಹಾಗಾದಳು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಹೊಲಿಗೆ ಅಂಗಡಿಯ ಕೆಲಸ ಮುಗಿಸಿ ನೇರವಾಗಿ ಅವರ ಮನೆಗೆ ಬಂದ ನನಗೆ ಅದನ್ನು ನೋಡಿ ರೇಗಿಹೋಯಿತು.

"ಏನ್ ಭಾವ, ನಮ್ಮಕ್ಕನ್ನ ಉಪವಾಸ ಕೆಡವಿ ಸಾಯಿಸ್ತೀರಾ? ಸರೀರಿ ಆ ಕಡೆ, ನಾನೇ ಮಾಡ್ತೀನಿ."

"ಮುಟ್ಬೇಡ!" ಎಂದು ಕೂಗಿದರು. ಆಮೇಲೆ ದನಿ ತಗ್ಗಿಸಿದರು. "ನಿಂಗೊತ್ತಿಲ್ಲಮ್ಮ. ಕರುಳು ಅಂದ್ರೆ ಏನು ಅಂತ ನಂಗೊತ್ತು. ದಿನಾ ಬೆಳಿಗ್ಗೆ ಕುರಿ ಕರುಳು ತೊಳೆಯೋನು ನಾನು. ಉಗುರು ತಾಗಿದ್ರೆ ಸಾಕು, ಹರಿದುಹೋಗುತ್ತೆ. ಅಂಥದ್ದಕ್ಕೆ ದಾರ ಹಾಕಿ ಕಳಿಸಿದಾರೆ. ಒಂದು ಮೂಳೆ ಚೂರು ಹೋದ್ರೆ ಗತಿ ಏನು?"

ಅಲ್ಲಿಯವರೆಗೆ ನಾನು ಅಷ್ಟೇನೂ ಹೆದರಿರಲಿಲ್ಲ. ಅವರ ಮುಖ ನೋಡಿದ ಮೇಲೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

ಕೊನೆಗೆ ಭಾವನೇ ಚರ್ಮ ಸುಲಿದರು. ಕೊಬ್ಬನ್ನೆಲ್ಲ ಕೆರೆದು ತೆಗೆದರು. ಮಾಂಸವನ್ನು ಸಣ್ಣಗೆ ಕೊಚ್ಚಿ ತಟ್ಟೆಯಲ್ಲಿ ಹರಡಿ, ಒಂದೊಂದೇ ಚೂರನ್ನು ಬೆರಳ ನಡುವೆ ಹೊಸಕಿ ನೋಡಿದರು. ತಟ್ಟೆಯನ್ನು ಕಿಟಕಿ ಹತ್ತಿರ ಒಯ್ದು ಮತ್ತೆ ನೋಡಿದರು.

"ಎದೆಮಾಂಸದಲ್ಲಿ ಮೂಳೆ ಎಲ್ಲಿಂದ ಬರುತ್ತೆ ಭಾವ? ನೀವೇ ಬಿಡಿಸಿದ್ದಲ್ವಾ?"

"ಇರ್ಲಿ. ನೀನೂ ಒಂದ್ಸಲ ಮುಟ್ಟಿ ನೋಡು."

ನೋಡಿದೆ. ಅರ್ಧ ಮಾಂಸಕ್ಕೆ ನೀರು, ಚೂರು ಶುಂಠಿ, ಚಿಟಿಕೆ ಉಪ್ಪು ಹಾಕಿ ಬೇಯಲಿಟ್ಟರು. ಖಾರ ಇಲ್ಲ, ಎಣ್ಣೆ ಇಲ್ಲ. ನಾನು ಅಕ್ಕನಿಗೆ ದಿಂಬು ಕೊಟ್ಟು ಕೂರಿಸಿ ಬರುವಷ್ಟರಲ್ಲಿ ಸೊಪ್ಪಿನ ಎಲೆಗಳನ್ನೂ ಹೆಚ್ಚಿ ಹಾಕಿ ಆಗಿತ್ತು. ಬೆಂದದ್ದನ್ನು ಸೌಟಿನಿಂದ ಎಷ್ಟು ಮಸೆದರೆಂದರೆ ಅದು ಗೋಡೆಗೆ ಮೆತ್ತುವ ಗಾರೆಯ ಹಾಗಾಯಿತು.

ಅಕ್ಕ ಮೊದಲ ಚಮಚ ಬಾಯಿಗಿಟ್ಟಳು. ಅಗಿದಳು. "ಕರಕ್" ಎಂದಿತು.

ಅಯ್ಯೋ ದೇವರೇ! ಭಾವ ಅವಳ ಗಲ್ಲದಡಿ ಬೊಗಸೆ ಒಡ್ಡಿ, "ಉಗಿಯೇ! ನುಂಗ್ಬೇಡ, ಉಗಿ!" ಎಂದು ಕಿರುಚಿದರು. ಅಕ್ಕ ಉಗಿದಳು. ಅದನ್ನು ಬೆರಳಲ್ಲಿ ತಿಕ್ಕಿ ದೀಪದ ಕೆಳಗೆ ಹಿಡಿದರು. ಮೂಳೆಯಲ್ಲ, ಮರಳು.

"ಸೊಪ್ಪು ತೊಳೆದ್ರಾ?" ಎಂದಳು ಅಕ್ಕ.

ಭಾವ ಪಿಳಿಪಿಳಿ ಕಣ್ಣು ಬಿಟ್ಟರು. "ಸೊಪ್ಪು ಮಾರೋಳು ನೀರು ಚಿಮುಕಿಸಿದ್ದಳಲ್ಲ..."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಪರೇಷನ್ ಆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ನಗಿಸ್ಬೇಡ್ರೀ, ಹೊಲಿಗೆ ಎಳೆಯುತ್ತೆ!"

ಭಾವನಿಗೆ ನಗು ಬರಲಿಲ್ಲ. "ಇದೆಲ್ಲ ಬೇಡವೇ ಬೇಡ. ಗಂಜಿನೇ ಕುಡಿ."

"ಇನ್ನೊಂದು ಲೋಟ ಗಂಜಿ ತಂದ್ರೆ ನಿಮ್ಮ ತಲೆ ಮೇಲೇ ಸುರೀತೀನಿ. ಹಸಿವಾಗ್ತಿದೆ ಕಣ್ರೀ ನಂಗೆ."

"ನಂಗೆ ಭಯ ಆಗುತ್ತೆ ಕಣೇ," ಎಂದುಬಿಟ್ಟರು ಭಾವ. "ಆವತ್ತು ನಿನ್ನ ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದ್ರಲ್ಲ, ಇನ್ನೊಂದ್ಸಲ ಆ ಬೆಂಚಿನ ಮೇಲೆ ಕೂರೋಕೆ ನನ್ನ ಕೈಲಾಗಲ್ಲ."

ಅಕ್ಕ ಚಮಚವನ್ನು ಅವರ ಕೈಗಿಟ್ಟಳು. "ನಂಗೇನು ಭಯ ಇಲ್ವಾ? ತೊಳೆದು ಇನ್ನೊಂದ್ಸಲ ಮಾಡ್ಕೊಂಡು ಬನ್ನಿ."

ಉಳಿದ ಮಾಂಸ ಬೇಯಲಿಟ್ಟರು. ಈ ಸಲ ಸೊಪ್ಪು ನಾನು ತೊಳೆದೆ, ಪಾತ್ರೆಯ ತಳದಲ್ಲಿ ಒಂದು ಕಣವೂ ನಿಲ್ಲದವರೆಗೆ. ಅಕ್ಕ ಸಣ್ಣ ಬಟ್ಟಲಿನಲ್ಲಿ ನಿಧಾನವಾಗಿ ತಿಂದಳು. ಭಾವ ಸ್ಕೂಟರ್ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಅವಳ ಕಾಲ ಬಳಿ ಕೂತರು. ಹೊರಗೆ ಬೀದಿದೀಪಗಳು ಹತ್ತಿದವು.

ಇದ್ದಕ್ಕಿದ್ದಂತೆ ಅಕ್ಕ ಹೊಟ್ಟೆ ಅದುಮಿಕೊಂಡಳು. ಮುಖ ಕಿವುಚಿತು. "ಅಮ್ಮಾ... ನೋವು."

ಭಾವನ ಕೈಯಿಂದ ಕೀಲಿ ಬಿತ್ತು. "ಹೋಗಮ್ಮ, ಆಟೋ ಕರಿ, ಸ್ಕೂಟರಲ್ಲಿ ಆಗಲ್ಲ!" ಎಂದರು. ನಾನು ಚಪ್ಪಲಿಯೂ ಸಿಗದೆ ಬರಿಗಾಲಲ್ಲೇ ಬಾಗಿಲಿಗೆ ಓಡಿದೆ. ಹಾಳಾದ ಅಗುಳಿ, ಎಷ್ಟು ಎಳೆದರೂ ಬರಲಿಲ್ಲ.

ಆಗ ಹಿಂದಿನಿಂದ ಒಂದು ಸದ್ದು ಬಂತು. ನಾಚಿಕೆಯಿಲ್ಲದ, ಉದ್ದನೆಯ ಸದ್ದು.

ತಿರುಗಿ ನೋಡಿದರೆ ಅಕ್ಕ ಮುಖದ ತುಂಬ ಹೊದಿಕೆ ಎಳೆದುಕೊಂಡಿದ್ದಳು. ಹೊದಿಕೆಯೊಳಗಿಂದಲೇ, "ನೋವು ಹೋಯ್ತು" ಎಂದಳು.

ಭಾವ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತರು. ಬೀದಿಗೆಲ್ಲ ಕೇಳುವ ದನಿ ಅದು. ಏನಾಯಿತೋ ಎಂದು ಪಕ್ಕದ ಮನೆಯವರು ಬಾಗಿಲು ಬಡಿದರು. ನಾನು ಅವರಿಗೆ ಏನಂತ ಹೇಳಲಿ?

"ಪಾತ್ರೆಯಲ್ಲಿ ಇನ್ನೂ ಇದ್ಯೇನ್ರೀ?" ಎಂದಳು ಅಕ್ಕ.

ಭಾವ ಮುಖ ಒರೆಸಿಕೊಂಡು, ಕೈ ತೊಳೆದು, ಪಾತ್ರೆ ತಂದರು. ಬಡಿಸುವ ಮುಂಚೆ ಅದಕ್ಕೆ ಬೆರಳು ಹಾಕಿ ಮತ್ತೆ ಮೂಳೆ ಹುಡುಕಿದರು. ಈ ಸಲ ನಾನು ಬೈಯಲಿಲ್ಲ.